ನಸುಗುನ್ನಿಯ ಅಣುವಿಗೆ ಎಡ-ಬಲ

ಸುಳ್ಯ, ಕಡಬದ ರಬ್ಬರ್ ಗುಡ್ಡಗಳಲ್ಲಿ ನೆಲ ಕಾಣದಂತೆ ಹಬ್ಬಿರುವ ಹೊದಿಕೆ ಬಳ್ಳಿ ಮ್ಯುಕುನಾ. ಮಣ್ಣು ಕೊಚ್ಚಿಹೋಗದಂತೆ ಹಿಡಿದು ಸಾರಜನಕವನ್ನೂ ಸೇರಿಸುವುದರಿಂದ ಪುತ್ತೂರಿನ ಅಡಿಕೆ ತೋಟಗಳಿಗೂ ಅದು ಬಂದಿದೆ. ಅದೇ ಕುಲದ ನಸುಗುನ್ನಿ ಕಾಡಿನಂಚಿನದು. ಕಾಯಿಯ ಕಂದು ರೋಮ ಮೈಗೆ ತಾಗಿದರೆ ತುರಿಕೆ ತಡೆಯಲಾಗದು.

ಆ ಕಾಯಿಯ ಬೀಜದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಮದ್ದಾದ ಎಲ್-ಡೋಪಾ ಇದೆ, ತೂಕದ ಶೇ. 5ರ ಆಸುಪಾಸು. ಸುಳ್ಯ, ಪುತ್ತೂರುಗಳಿರುವ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ 1937ರಲ್ಲಿ, ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಮದ್ರಾಸಿನಲ್ಲಿ ಈ ಬೀಜದಿಂದ ಅದನ್ನು ಬೇರ್ಪಡಿಸಿದರು.

ಡೋಪಾದ ಒಂದು ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿವೆ. ಹಾಗಾಗಿ ಅದಕ್ಕೆ ಎಡಗೈ ಬಲಗೈಗಳಂತೆ ಎರಡು ರೂಪ. ಮೈಯಲ್ಲಿ ಡೋಪಾವನ್ನು ಮಿದುಳಿನ ಸಂದೇಶವಾಹಕ ಡೋಪಮೈನ್ ಆಗಿಸುವ ಕಿಣ್ವ ಒಪ್ಪುವುದು ಎಲ್ ರೂಪವನ್ನು ಮಾತ್ರ. 1960ರ ದಶಕದಲ್ಲಿ ಎರಡೂ ಬೆರೆತ ಮದ್ದು ಕೊಟ್ಟಾಗ ಕೆಲವು ರೋಗಿಗಳ ಬಿಳಿ ರಕ್ತಕಣಗಳು ಕುಸಿದವು. ಬಳ್ಳಿ ಕಟ್ಟುವುದು ಎಲ್ ರೂಪವನ್ನೇ. ಪ್ರಯೋಗಶಾಲೆಯ ಸಾಮಾನ್ಯ ಕ್ರಿಯೆಯಲ್ಲಾದರೋ ಎರಡೂ ಅರ್ಧರ್ಧ.

ಅಮೆರಿಕದ ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ಹಿಡಿದದ್ದು ಈ ಸಮಸ್ಯೆಯನ್ನು. ಡೋಪಾ ಆಗುವ ಮುಂಚಿನ ಅಣು ಚಪ್ಪಟೆ. ಹೈಡ್ರೋಜನ್ ಯಾವ ಮಗ್ಗುಲಿನಿಂದ ಸೇರುತ್ತದೋ ಅದರ ಮೇಲೆ ರೂಪ ನಿರ್ಧಾರ. ಎಡ-ಬಲ ಭೇದವಿರುವ ರಂಜಕದ ಸಂಯುಕ್ತವನ್ನು ರೋಡಿಯಂ ಲೋಹಕ್ಕೆ ಕಟ್ಟಿ ಅವರು ವೇಗವರ್ಧಕ ತಯಾರಿಸಿದರು. 1968ರಲ್ಲಿ ಒಂದು ರೂಪ ಇನ್ನೊಂದಕ್ಕಿಂತ ಒಟ್ಟು ಮೊತ್ತದ ಶೇ. 15ರಷ್ಟು ಮಾತ್ರ ಹೆಚ್ಚು ಬಂತು. ರಂಜಕದ ಸುತ್ತಲಿನ ಗುಂಪುಗಳನ್ನು ಬದಲಿಸುತ್ತ ಹೋದಂತೆ ಅದು ಶೇ. 95ಕ್ಕೇರಿತು. 1974ರ ಹೊತ್ತಿಗೆ ಕಾರ್ಖಾನೆಯಲ್ಲೇ ಎಲ್-ಡೋಪಾ ತಯಾರಾಗತೊಡಗಿತು. 2001ರಲ್ಲಿ ರಸಾಯನವಿಜ್ಞಾನಿಗಳಾದ ನೊಯೊರಿ, ಶಾರ್ಪ್‌ಲೆಸ್ ಜೊತೆ ನೋಲ್ಸ್‌ಗೂ ನೊಬೆಲ್ ಬಂತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ರಸಾಯನವಿಜ್ಞಾನಿ ಜ್ಯಾಕ್ ಹಾಲ್ಪರ್ನ್ ತೋರಿಸಿದ ಸಂಗತಿ. ಆ ಚಪ್ಪಟೆ ಅಣು ರೋಡಿಯಂ ಮೇಲೆ ಎರಡು ಬಗೆಯಲ್ಲಿ ಕೂರಬಹುದು. ಗಟ್ಟಿಯಾಗಿ, ಹೆಚ್ಚು ಸಂಖ್ಯೆಯಲ್ಲಿ ಕೂತ ಬಗೆಯಿಂದಲೇ ಎಲ್ ರೂಪ ಬರುತ್ತದೆಂದು ಯಾರಿಗಾದರೂ ಅನ್ನಿಸೀತು. ಆದರೆ ಅದು ಹೈಡ್ರೋಜನ್ ಜೊತೆ ತೀರಾ ನಿಧಾನವಾಗಿ ವರ್ತಿಸುತ್ತದೆ. ಸಡಿಲವಾಗಿ ಕೂತ, ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಿರುವ ಇನ್ನೊಂದು ಬಗೆ ಕ್ಷಣದಲ್ಲಿ ವರ್ತಿಸಿ ಮುಗಿಸುತ್ತದೆ. ಎಲ್-ಡೋಪಾದ ಬಹುಪಾಲು ಬರುವುದು ಅದರಿಂದ. ಹಿಡಿತ ಎಷ್ಟು ಬಿಗಿ ಎನ್ನುವುದಲ್ಲ, ಯಾವ ದಾರಿ ಬೇಗ ಎನ್ನುವುದೇ ಇಲ್ಲಿ ಎಡ-ಬಲವನ್ನು ತೀರ್ಮಾನಿಸುತ್ತದೆ.

ಹಾಗೆಂದು ಮನೆಯಲ್ಲಿ ಪಾರ್ಕಿನ್ಸನ್ ಇದ್ದವರಿಗೆ ನಸುಗುನ್ನಿ ಬೀಜ ಕುಟ್ಟಿ ಕೊಡಬೇಡಿ. ಬೀಜದಿಂದ ಬೀಜಕ್ಕೆ ಮದ್ದಿನ ಪ್ರಮಾಣ ಬದಲಾಗುತ್ತದೆ. ಮಾತ್ರೆಯಲ್ಲಿ ಸಾಮಾನ್ಯವಾಗಿ ಕಾರ್ಬಿಡೋಪಾವನ್ನೂ ಸೇರಿಸಿರುತ್ತಾರೆ. ಎಲ್-ಡೋಪಾ ಮಿದುಳು ತಲುಪುವ ಮೊದಲೇ ಡೋಪಮೈನ್ ಆಗಿ ವಾಂತಿ, ಸಂಕಟ ತರದಂತೆ ಅದು ತಡೆಯುತ್ತದೆ.