ಮೌನದ ಮಠದಿಂದ ಮನುಷ್ಯರ ಬೀದಿಗೆ

ಸಂನ್ಯಾಸಿಯಾದವನು ಸಂಸಾರದ ಕಷ್ಟಗಳಿಗೆ ಬೆದರಿ ಓಡಿಹೋದವನೆಂಬ ಮಾತು ನಮ್ಮ ಜನರಲ್ಲಿ ಆಗಾಗ ಕೇಳಿಬರುವುದುಂಟು. ಈ ಮಾತು ಎಲ್ಲರಿಗೂ ಸಲ್ಲುವುದೇ ಎಂಬುದನ್ನು ವಿಚಾರಿಸಲು ಅಮೇರಿಕೆಯ ಕಥೋಲಿಕ ಸಂನ್ಯಾಸಿ ಥಾಮಸ್ ಮೆರ್ಟನ್ನರ ಚರಿತ್ರೆ ಬಹಳ ಉಪಯುಕ್ತವಾದುದೆಂದು ನಾವು ಭಾವಿಸುತ್ತೇವೆ.

ಮೆರ್ಟನ್ನರು 1915ನೆಯ ಜನವರಿ 31ರಂದು ದಕ್ಷಿಣ ಫ್ರಾನ್ಸಿನ ಪ್ರಾಡ್ ಎಂಬ ಊರಿನಲ್ಲಿ ಜನಿಸಿದರು. ತಂದೆ ನ್ಯೂಜಿಲೆಂಡಿನ ಚಿತ್ರಕಾರರು; ತಾಯಿ ಅಮೇರಿಕೆಯವರು. ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ, ಹದಿನಾರು ತುಂಬುವ ಮೊದಲೇ ತಂದೆಯನ್ನೂ ಕಳೆದುಕೊಂಡ ಈ ಬಾಲಕನಿಗೆ ನೆಲೆಯೆಂಬುದೇ ಇರಲಿಲ್ಲ. ಕೇಂಬ್ರಿಜ್ಜಿನಲ್ಲಿ ಓದಿಗಿಂತ ಕುಡಿತ, ಕುಣಿತಗಳೇ ಹೆಚ್ಚಾದುವು. ಕೊನೆಗೆ ನ್ಯೂಯಾರ್ಕಿಗೆ ಬಂದು ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು.

ಇಲ್ಲಿಯೇ ನಮ್ಮ ದೇಶದವರೊಬ್ಬರು ಅವರ ಬಾಳಿನಲ್ಲಿ ಪ್ರವೇಶಿಸುತ್ತಾರೆ. ಬಂಗಾಳದ ವೈಷ್ಣವ ಸಂನ್ಯಾಸಿಗಳಾದ ಮಹಾನಾಮವ್ರತ ಬ್ರಹ್ಮಚಾರಿಗಳು ಆಗ ಅಮೇರಿಕೆಯಲ್ಲಿದ್ದರು. 1938ರಲ್ಲಿ ಅವರ ಪರಿಚಯವಾದಾಗ, ಈ ಸಾಧುಗಳು ತಮ್ಮ ಧರ್ಮಗ್ರಂಥಗಳನ್ನೇ ಓದಲು ಹೇಳುವರೆಂದು ಯಾರಾದರೂ ಎಣಿಸಬಹುದಾಗಿತ್ತು. ಬ್ರಹ್ಮಚಾರಿಗಳಾದರೋ ಸಂತ ಅಗಸ್ಟೀನರ ಆತ್ಮನಿವೇದನೆಯನ್ನೂ ‘ಕ್ರಿಸ್ತಾನುಕರಣ’ವನ್ನೂ ಓದಬೇಕೆಂದು ಸಲಹೆಯಿತ್ತರು. ತನ್ನ ಮನೆಯ ಬಾವಿಯಲ್ಲಿಯೇ ನೀರಿದೆ, ಅಲ್ಲಿ ತೋಡಿ ನೋಡು ಎಂದು ಹೇಳುವ ಗುರು ಅಪೂರ್ವ. ಅದೇ ವರ್ಷದ ನವೆಂಬರ್ 16ರಂದು ಮೆರ್ಟನ್ನರು ಕಥೋಲಿಕ ದೀಕ್ಷಾಸ್ನಾನವನ್ನು ಪಡೆದರು.

1941ನೆಯ ಡಿಸೆಂಬರ್ 10ರಂದು ಅವರು ಕೆಂಟಕಿ ಪ್ರಾಂತದ ಗೆತ್ಸೆಮನಿ ಮಠವನ್ನು ಸೇರಿದರು. ಅದು ಟ್ರಾಪಿಸ್ಟ್ ಪಂಥದ ಮಠ. ರಾತ್ರಿ ಎರಡು ಗಂಟೆಗೆ ಎದ್ದು ಪ್ರಾರ್ಥನೆ, ಮಾಂಸವಿಲ್ಲದ ಊಟ, ಹೊಲದಲ್ಲಿ ಮೈಮುರಿಯುವ ದುಡಿಮೆ. ಮಾತಿನ ಬದಲಿಗೆ ಕೈಸನ್ನೆ. ಬರವಣಿಗೆಯನ್ನು ತ್ಯಜಿಸಬೇಕೆಂದಿದ್ದ ಅವರಿಗೆ ಮಠಾಧಿಪತಿಗಳೇ ಬರೆಯಲು ಆಜ್ಞಾಪಿಸಿದರು. ಹೀಗೆ 1948ರಲ್ಲಿ ‘ದಿ ಸೆವೆನ್ ಸ್ಟೋರಿ ಮೌಂಟನ್’ ಎಂಬ ಆತ್ಮಕಥೆ ಹೊರಬಂದಿತು. ಪ್ರತಿಗಳು ಲಕ್ಷಗಟ್ಟಲೆ ಮಾರಿದುವು. ದಾರಿದ್ರ್ಯವ್ರತ ತೊಟ್ಟ ಲೇಖಕರ ಕೈಗೆ ಕಾಸೂ ಬರಲಿಲ್ಲ, ಬಂದುದೆಲ್ಲ ಮಠಕ್ಕೆ ಸಂದಿತು. ಆ ಮಠದವರು ಗಿಣ್ಣು ತಯಾರಿಸಿ ಮಾರಿ ಜೀವಿಸುತ್ತಿದ್ದರು. ಈ ವ್ಯಾಪಾರದ ಗದ್ದಲವನ್ನು ಮೆರ್ಟನ್ನರು ಹಾಸ್ಯಮಾಡಿದುದೂ ಉಂಟು. ಆದರೂ ಸಾಧುಗಳು ಸ್ವಂತ ದುಡಿಮೆಯಿಂದ ಉಣ್ಣುವ ಈ ಪದ್ಧತಿ, ಹೋಟೆಲಿನ ಕೆಲಸದಲ್ಲಿ ಬಾಳಿದ ನಮಗೆ ಮೆಚ್ಚುಗೆಯಾದುದು.

1958ನೆಯ ಮಾರ್ಚ್ 18ರಂದು ಮಠದ ಕೆಲಸಕ್ಕಾಗಿ ಅವರು ಲೂಯಿವಿಲ್ ನಗರಕ್ಕೆ ಹೋಗಿದ್ದರು. ಅಂಗಡಿಗಳ ನಡುವೆ, ನಾಲ್ಕನೆಯ ಬೀದಿಯೂ ವಾಲ್ನಟ್ ಬೀದಿಯೂ ಕೂಡುವ ಮೂಲೆಯಲ್ಲಿ, ಜನರು ತಂತಮ್ಮ ಪಾಡಿಗೆ ನಡೆದಾಡುತ್ತಿದ್ದರು. ಅವರೆಲ್ಲರೂ ತನ್ನವರು, ತಾನು ಅವರಿಗೆ ಸೇರಿದವನು, ಯಾರೂ ಪರಕೀಯರಲ್ಲ ಎಂಬ ಅರಿವು ಅವರಿಗೆ ಅಲ್ಲಿ ಥಟ್ಟನೆ ಉಂಟಾಯಿತು. ಹದಿನಾರು ವರ್ಷಗಳ ಮೌನವು ಅವರಿಗೆ ಕೊಟ್ಟ ದರ್ಶನವಿದು; ಅದು ಆದದ್ದು ಗರ್ಭಗುಡಿಯಲ್ಲಲ್ಲ, ಪೇಟೆಯ ಬೀದಿಯಲ್ಲಿ.

ಅಲ್ಲಿಂದ ಮುಂದೆ ಅವರ ಲೇಖನಿ ಅಣುಬಾಂಬನ್ನೂ ವರ್ಣದ್ವೇಷವನ್ನೂ ಕುರಿತು ನಿರ್ಭಯವಾಗಿ ನುಡಿಯಿತು. 1962ರಲ್ಲಿ ಪಂಥದ ಹಿರಿಯರು, ಯುದ್ಧವನ್ನು ಕುರಿತು ಇನ್ನು ಪ್ರಕಟಿಸಕೂಡದೆಂದು ಕಟ್ಟು ವಿಧಿಸಿದರು. ವಿಧೇಯತೆಯ ವ್ರತವೊಂದು ಕಡೆ, ಅಂತಃಸಾಕ್ಷಿಯೊಂದು ಕಡೆ. ಅವರು ಮಠವನ್ನು ಬಿಡಲಿಲ್ಲ. ಸಿದ್ಧವಾಗಿದ್ದ ಪುಸ್ತಕವನ್ನು ಅಚ್ಚಿಗೆ ಕೊಡಲಿಲ್ಲ. ಆದರೆ ಬರೆದ ಪತ್ರಗಳ ಪ್ರತಿಗಳು ಸ್ನೇಹಿತರ ಕೈಯಿಂದ ಕೈಗೆ ಹೋದುವು. ಆ ಪುಸ್ತಕವು ಬೆಳಕು ಕಂಡುದು 2004ರಲ್ಲಿ. ಗಾಂಧೀಜಿಯವರ ಅಹಿಂಸಾ ವಚನಗಳನ್ನು ಆಯ್ದು ಅವರು ಸಂಪಾದಿಸಿದ ಸಂಗ್ರಹವು 1965ರಲ್ಲಿಯೇ ಪ್ರಕಟವಾಯಿತು. ಅದೇ ವರ್ಷ ಮಠದ ಕಾಡಿನಲ್ಲಿ ಒಂಟಿ ಕುಟೀರವೂ ದೊರೆಯಿತು. ಮರುವರ್ಷ ಆಸ್ಪತ್ರೆಯಲ್ಲಿ ಒಬ್ಬ ದಾದಿಯ ಮೇಲೆ ಪ್ರೇಮವುಂಟಾಗಿ ತಳಮಳಿಸಿದರು. ಅದನ್ನು ದಿನಚರಿಯಲ್ಲಿ ಮರೆಮಾಚದೆ ಬರೆದಿಟ್ಟು, ತಮ್ಮ ವ್ರತಕ್ಕೇ ಮರಳಿದರು.

1968ರ ಅಕ್ಟೋಬರಿನಲ್ಲಿ ಅವರು ಭಾರತಕ್ಕೆ ಬಂದರು. ಕಲ್ಕತ್ತೆಯ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿ, ದಿಲ್ಲಿಯ ಮೂಲಕ ಧರ್ಮಶಾಲೆಗೆ ಹೋಗಿ, ದಲಾಯಿ ಲಾಮಾ ಅವರನ್ನು ಮೂರು ಸಲ ಕಂಡರು. ಮದರಾಸಿಗೂ ಮಹಾಬಲಿಪುರಕ್ಕೂ ಬಂದು, ಸಿಂಹಳದ ಪೊಲೊನ್ನರುವದಲ್ಲಿ ಬುದ್ಧನ ಶಿಲಾಮೂರ್ತಿಗಳ ಮುಂದೆ ಮೈಮರೆತರು. ಅಲ್ಲಿಂದ ಬ್ಯಾಂಕಾಕಿನ ಸಂನ್ಯಾಸಿಗಳ ಸಮ್ಮೇಳನಕ್ಕೆ ತೆರಳಿದರು. ಡಿಸೆಂಬರ್ 10ರಂದು ಭಾಷಣ ಮುಗಿಸಿ ಕೋಣೆಗೆ ಹೋದವರು ಮತ್ತೆ ಬರಲಿಲ್ಲ. ವಿದ್ಯುತ್ ಪಂಖವೊಂದು ಮೈಮೇಲೆ ಬಿದ್ದು, ನಿರ್ಜೀವವಾಗಿದ್ದ ಅವರ ದೇಹವು ಕಂಡುಬಂದಿತು. ಮಠವನ್ನು ಹೊಕ್ಕು ಅಂದಿಗೆ ಸರಿಯಾಗಿ ಇಪ್ಪತ್ತೇಳು ವರ್ಷ. ಅವರ ವಯಸ್ಸು ಐವತ್ತಮೂರು. ವಿಯೆಟ್ನಾಂ ಯುದ್ಧವನ್ನು ಖಂಡಿಸಿದ್ದ ಆ ಸಂನ್ಯಾಸಿಯ ಶವವನ್ನು ಸ್ವದೇಶಕ್ಕೆ ಒಯ್ದುದು ಅಮೇರಿಕೆಯ ಸೇನಾ ವಿಮಾನವೇ.

2015ರಲ್ಲಿ ಪೋಪ್ ಫ್ರಾನ್ಸಿಸರು ಅಮೇರಿಕೆಯ ಸಂಸತ್ತಿನಲ್ಲಿ ಲಿಂಕನ್ನರ ಸಾಲಿನಲ್ಲಿ ಇವರ ಹೆಸರನ್ನೆತ್ತಿ ಗೌರವಿಸಿದರು.

ಪರಸ್ಥಳದಲ್ಲಿ ಬೆಳಗಿನ ಜಾವ ಒಲೆ ಹೊತ್ತಿಸಿ, ಹಗಲೆಲ್ಲ ಸಾವಿರಾರು ಅಪರಿಚಿತ ಮುಖಗಳನ್ನು ಕಾಣುವ ನಮ್ಮ ಓದುಗ ಬಂಧುಗಳಿಗೆ ಏಕಾಂತವೆಂಬುದು ದುರ್ಲಭ. ಗುಡ್ಡಕಾಡಿನ ಮಠ ಎಲ್ಲರಿಗೂ ಬೇಕಾಗಿಯೂ ಇಲ್ಲ. ಮಲಗುವ ಮುನ್ನ ಅರ್ಧಗಳಿಗೆ ಸುಮ್ಮನೆ ಕುಳಿತರೆ, ಮರುದಿನ ಮೇಜಿನ ಮುಂದೆ ಬಂದು ಕುಳಿತುಕೊಳ್ಳುವವನು ಬರಿಯ ಗಿರಾಕಿಯಾಗಿ ಕಾಣದೆ ನಮ್ಮವನಾಗಿ ಕಂಡಾನು. ಮೆರ್ಟನ್ನರು ಬೀದಿಯ ಮೂಲೆಯಲ್ಲಿ ಕಂಡದ್ದೂ ಅಷ್ಟನ್ನೇ.