ಗಾಳಿಯಲ್ಲಿನ ಅರೆಕ್ಷಣ: ಶಾಲಾ ಜಿಮ್ನಾಸ್ಟಿಕ್ಸ್ ಅಭ್ಯಾಸಕ್ಕೆ ಮೊಬೈಲ್ ಕ್ಯಾಮೆರಾ

ಜಿಮ್ನಾಸ್ಟಿಕ್ಸ್ ಮಾಡುವವರಿಗೆ ತಮ್ಮ ಆಟ ತಮಗೇ ಕಾಣುವುದಿಲ್ಲ. ಕಬಡ್ಡಿ, ಖೋ-ಖೋ ಆಡುವವರಿಗೆ ಎದುರಾಳಿ ಕಣ್ಣೆದುರೇ ಇರುತ್ತಾನೆ, ತಪ್ಪಿದ್ದು ಅಲ್ಲಿಯೇ ಗೊತ್ತಾಗುತ್ತದೆ. ಲಾಗ ಹಾಕುವ ಹುಡುಗಿಗೆ ಮಂಡಿ ಬಾಗಿತೇ, ಪಾದಗಳು ಕೂಡಿದ್ದವೇ, ಬೆನ್ನು ಕಮಾನಾಯಿತೇ ಎಂಬುದು ತಿಳಿಯದು. ನೆಟ್ಟಗೇ ಇದ್ದೆನೆಂದು ಅವಳಿಗೆ ಅನಿಸಿರುತ್ತದೆ, ನೋಡಿದವರ ಮಾತು ಬೇರೆಯೇ ಇರುತ್ತದೆ. ಅಭ್ಯಾಸವನ್ನು ಚಿತ್ರಿಸಿ, ಅಲ್ಲೇ ತೋರಿಸಿ ತಿದ್ದುವ ಪದ್ಧತಿ ಹುಟ್ಟಿದ್ದು ಈ ಅಂತರವನ್ನು ಮುಚ್ಚಲು. ದೊಡ್ಡ ತರಬೇತಿ ಕೇಂದ್ರಗಳಲ್ಲಿ ಅದು ಬಹುಕಾಲದಿಂದ ರೂಢಿಯಲ್ಲಿದೆ. ಈಗ ಒಂದು ಮೊಬೈಲ್ ಇದ್ದರೆ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಸುತ್ತಲಿನ ಪ್ರೌಢಶಾಲೆಗಳಿಗೂ ಅದು ನಿಲುಕುತ್ತದೆ.

ಓಡುವ ದೇಹವನ್ನು ನಿಲ್ಲಿಸಿ ನೋಡುವ ಆಸೆ ಹಳೆಯದು. 1879ರಲ್ಲಿ ಎಡ್ವರ್ಡ್ ಮೈಬ್ರಿಜ್ ಅಮೆರಿಕದ ಪಾಲೊ ಆಲ್ಟೊದಲ್ಲಿ ಸಾಲುಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್ಬಿನ ಆಟಗಾರರು ಲಾಗ ಹಾಕುವುದನ್ನು ಹಂತಹಂತವಾಗಿ ಸೆರೆಹಿಡಿದ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿ ಹೊರತಂದ ‘ಯೋಗ ಮಕರಂದ’ದಲ್ಲಿ ಆಸನಗಳ ಛಾಯಾಚಿತ್ರಗಳಿದ್ದವು. 1938ರಲ್ಲಿ ಅವರನ್ನೂ ಯುವಕ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನೂ ಚಿತ್ರಿಸಿದ ಮೂಕಿ ಚಲನಚಿತ್ರ ಇಂದಿಗೂ ಉಳಿದಿದೆ. ಅದನ್ನು ತೆಗೆದದ್ದು ಯೋಗದ ಪ್ರಚಾರಕ್ಕಾಗಿ. ಆದರೂ ಒಂದು ಭಂಗಿಯಿಂದ ಇನ್ನೊಂದಕ್ಕೆ ಮೈ ಹೇಗೆ ಜಾರುತ್ತದೆ ಎಂಬುದನ್ನು ಕಲಿಯುವವರು ಈಗಲೂ ಅದರಲ್ಲಿ ನೋಡಬಹುದು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಗರಡಿಯ ಪರಂಪರೆಯಲ್ಲಿ ಈ ಕೆಲಸ ಉಸ್ತಾದರ ಕಣ್ಣಿಗೆ ಸೇರಿದ್ದು. ಆ ಕಣ್ಣಿಗೆ ಬದಲಿ ಇಲ್ಲ, ಕ್ಯಾಮೆರಾ ಅದಕ್ಕೆ ಊರುಗೋಲು ಮಾತ್ರ.

ವಿಡಿಯೊದಿಂದ ನಿಜವಾದ ಪ್ರಯೋಜನ ಸಿಗಬೇಕಾದರೆ ಎಲ್ಲಿ ನೋಡಬೇಕೆಂಬುದು ಮೊದಲು ತಿಳಿದಿರಬೇಕು. ಹೊಸಬರ ಕಣ್ಣು ಗಾಳಿಯಲ್ಲಿ ತಿರುಗುತ್ತಿರುವ ಮೈಯ ಮೇಲೆ ನೆಡುತ್ತದೆ. ಆದರೆ ಪಾದ ನೆಲ ಬಿಟ್ಟ ಮೇಲೆ ದೇಹದ ಭಾರಕೇಂದ್ರ ಸಾಗುವ ದಾರಿ ಆಗಲೇ ನಿಶ್ಚಯವಾಗಿರುತ್ತದೆ. ಎಸೆದ ಕಲ್ಲು ಸಾಗುವ ಬಾಗುದಾರಿಯೇ ಅದರದೂ. ನೆಲದಿಂದ ಪಡೆದು ತಂದ ಸುತ್ತುವಿಕೆಯನ್ನೂ ಗಾಳಿಯಲ್ಲಿ ಕೂಡಿಸಲಾಗದು, ಕಳೆಯಲಾಗದು. ಮೈ ಮುದುಡಿದರೆ ಬೇಗ ತಿರುಗುತ್ತದೆ, ಚಾಚಿದರೆ ನಿಧಾನವಾಗುತ್ತದೆ, ಅಷ್ಟೇ. ಹಾಗಾಗಿ ಇಳಿಯುವಾಗ ಮುಗ್ಗರಿಸಿದ ಹುಡುಗನ ತಪ್ಪು ಬಹಳ ಸಲ ಏಳುವಾಗಲೇ ಆಗಿರುತ್ತದೆ: ಎದೆ ಮುಂದಕ್ಕೆ ಬಿದ್ದಿರುತ್ತದೆ, ಕೈ ಕಿವಿಯ ಪಕ್ಕಕ್ಕೆ ಬಂದಿರುವುದಿಲ್ಲ, ಓಟದ ಕೊನೆಯ ಹೆಜ್ಜೆ ಉದ್ದವಾಗಿರುತ್ತದೆ. ವಿಡಿಯೊವನ್ನು ಹಿಂದಕ್ಕೆ ಸರಿಸಿ ಆ ಜಾಗದಲ್ಲಿ ನಿಲ್ಲಿಸುವುದೇ ಈ ವಿದ್ಯೆಯ ತಿರುಳು.

ಆ ಜಾಗ ಬಹಳ ಕಿರಿದು. ವಾಲ್ಟ್‌ನಲ್ಲಿ ಚಿಮ್ಮುಹಲಗೆಯ ಮೇಲೆ ಪಾದ ಇರುವುದು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಸೆಕೆಂಡಿಗೆ 30 ಚಿತ್ರ ಹಿಡಿಯುವ ಸಾಮಾನ್ಯ ವಿಡಿಯೊದಲ್ಲಿ ಅದರ ಮೂರೇ ಚಿತ್ರ ಸಿಗುತ್ತವೆ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್‌ನಲ್ಲಿ ಇಪ್ಪತ್ತನಾಲ್ಕು ಸಿಗುತ್ತವೆ. ಇದಕ್ಕೆ ಬೆಳಕು ಹೆಚ್ಚು ಬೇಕು. ಕತ್ತಲೆಯ ಸಭಾಂಗಣಕ್ಕಿಂತ ಬೆಳಗಿನ ಬಯಲು ಮೇಲು. ಫೋನನ್ನು ಕೈಯಲ್ಲಿ ಹಿಡಿದು ಆಟಗಾರ್ತಿಯ ಹಿಂದೆ ತಿರುಗಿಸಿದರೆ ಕೋನಗಳನ್ನು ಹೋಲಿಸಲಾಗದು. ಓಟದ ದಾರಿಗೆ ಸರಿಯಾಗಿ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಸ್ಟ್ಯಾಂಡಿನ ಮೇಲೋ ಇಟ್ಟಿಗೆಗಳ ನಡುವೆಯೋ ಕದಲದಂತೆ ನಿಲ್ಲಿಸಬೇಕು. ದೂರವಿಟ್ಟಷ್ಟೂ ಒಳ್ಳೆಯದು, ಹತ್ತಿರವಿಟ್ಟರೆ ಚಿತ್ರದ ಅಂಚಿನಲ್ಲಿ ಕೈಕಾಲು ಸೊಟ್ಟಗೆ ಕಾಣುತ್ತವೆ. ಪ್ರತಿ ವಾರ ಅದೇ ಜಾಗದಲ್ಲಿಡಲು ನೆಲದ ಮೇಲೆ ಸುಣ್ಣದ ಗುರುತು ಹಾಕಿದರೆ ಜೂನ್ ತಿಂಗಳ ವಿಡಿಯೊವನ್ನು ಸೆಪ್ಟೆಂಬರ್‌ನದರ ಪಕ್ಕದಲ್ಲಿಟ್ಟು ನೋಡಬಹುದು.

ಅಳತೆಯೂ ಸಾಧ್ಯ. ನಿಂತಲ್ಲಿಂದ ನೆಟ್ಟಗೆ ಜಿಗಿದು ಅದೇ ಭಂಗಿಯಲ್ಲಿ ಇಳಿಯುವವರೆಗಿನ ಸಮಯ ತಿಳಿದರೆ ಎತ್ತರ ಸಿಗುತ್ತದೆ: ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.23ರಿಂದ ಗುಣಿಸಿದರೆ ಮೀಟರಿನಲ್ಲಿ ಉತ್ತರ. 240ರ ವೇಗದ ವಿಡಿಯೊದಲ್ಲಿ ಪಾದ ನೆಲ ಬಿಟ್ಟಾಗಿನಿಂದ ಮುಟ್ಟುವವರೆಗೆ 120 ಚಿತ್ರಗಳಿದ್ದರೆ ಅರ್ಧ ಸೆಕೆಂಡು, ಸುಮಾರು 31 ಸೆಂಟಿಮೀಟರ್. 144 ಇದ್ದರೆ 44 ಸೆಂಟಿಮೀಟರ್. ಒಂಬತ್ತನೇ ತರಗತಿಯ ಗುರುತ್ವಾಕರ್ಷಣೆಯ ಪಾಠ ಮೈದಾನಕ್ಕೆ ಬಂದರೆ ಆ ಪಾಠಕ್ಕೂ ಲಾಭ. ಚಿತ್ರ ಎಣಿಸಿ ಲೆಕ್ಕ ಬರೆಯುವ ಕೆಲಸವನ್ನು ವಿಜ್ಞಾನದಲ್ಲಿ ಆಸಕ್ತಿಯಿರುವ, ಆಟಕ್ಕೆ ಇಳಿಯದ ಮಕ್ಕಳಿಗೆ ವಹಿಸಬಹುದು. ತಂಡಕ್ಕೆ ಅವರೂ ಬೇಕಾದವರಾಗುತ್ತಾರೆ.

ತೋರಿಸುವ ರೀತಿ ಚಿತ್ರಿಸುವುದಕ್ಕಿಂತ ಸೂಕ್ಷ್ಮ. ‘ಮಂಡಿ ನೋಡು, ಕಾಲು ನೋಡು, ಕತ್ತು ನೋಡು’ ಎಂದು ಒಂದೇ ಉಸಿರಿಗೆ ಹೇಳಿದರೆ ಮಗು ಯಾವುದನ್ನೂ ತಿದ್ದಿಕೊಳ್ಳುವುದಿಲ್ಲ. ಮೊದಲು ಆಕೆಗೇ ಹೇಗೆನಿಸಿತೆಂದು ಕೇಳಬೇಕು, ಆಮೇಲೆ ವಿಡಿಯೊ ತೋರಿಸಬೇಕು. ಅನಿಸಿದ್ದಕ್ಕೂ ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಆಕೆಯೇ ಹೇಳಿದ ಮೇಲೆ ಒಂದೇ ಒಂದು ತಿದ್ದುಪಡಿ ಕೊಟ್ಟು ಮತ್ತೆ ಓಡಿಸಬೇಕು. ಇದಕ್ಕೆಲ್ಲ ಒಂದೆರಡು ನಿಮಿಷ ಸಾಕು. ಮೈ ತಣ್ಣಗಾಗುವಷ್ಟು ಹೊತ್ತು ಪರದೆ ನೋಡುತ್ತ ನಿಂತರೆ ಅಭ್ಯಾಸವೇ ಕೆಡುತ್ತದೆ. ಪ್ರತಿ ಯತ್ನಕ್ಕೂ ವಿಡಿಯೊ ತೋರಿಸುವುದೂ ಸಲ್ಲದು. ಹೊರಗಿನಿಂದ ಸದಾ ಸಿಗುವ ತಿದ್ದುಪಡಿಗೆ ಒಗ್ಗಿದವರು ಅದು ನಿಂತಾಗ ತಡವರಿಸುತ್ತಾರೆ ಎಂಬುದನ್ನು ಸಂಶೋಧಕರಾದ ಸಾಲ್ಮನಿ, ಶ್ಮಿಟ್, ವಾಲ್ಟರ್ 1984ರಲ್ಲೇ ಮಂಡಿಸಿದರು. ಕಲಿಯುವವರು ಕೇಳಿದಾಗ ತೋರಿಸುವುದು ಉತ್ತಮ. ತಪ್ಪಿದ್ದನ್ನು ಮಾತ್ರವಲ್ಲ, ಅವರ ಅತ್ಯುತ್ತಮ ಯತ್ನವನ್ನೂ ಆಗಾಗ ತೋರಿಸಬೇಕು. ಬೇರೆಯವರ ಪದಕದ ಆಟಕ್ಕಿಂತ ತಾನೇ ಚೆನ್ನಾಗಿ ಮಾಡಿದ ಕಾರ್ಟ್‌ವೀಲ್ ಹುಡುಗಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಸ್ಪರ್ಧೆ ಹತ್ತಿರವಾದಾಗ ಇಡೀ ಪ್ರದರ್ಶನವನ್ನು ಚಿತ್ರಿಸಿ ತಂಡವೇ ತೀರ್ಪುಗಾರರ ಪಾತ್ರ ವಹಿಸುವುದುಂಟು. ಅಂತರರಾಷ್ಟ್ರೀಯ ನಿಯಮದಲ್ಲಿ ಸಣ್ಣ ದೋಷಕ್ಕೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1 ಅಂಕ ಕಡಿತ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ಅಗರ್ತಲದ ದೀಪಾ ಕರ್ಮಾಕರ್ 15.066 ಅಂಕ ಪಡೆದು ನಾಲ್ಕನೆಯವರಾದರು, ಕಂಚು ತಪ್ಪಿದ್ದು 0.150ರಿಂದ. ಇಳಿದ ಮೇಲೆ ಇಟ್ಟ ಒಂದು ಪುಟ್ಟ ಹೆಜ್ಜೆಯ ಬೆಲೆ ಎಷ್ಟೆಂಬುದು ಇದರಿಂದ ಮಕ್ಕಳಿಗೆ ಅರ್ಥವಾಗುತ್ತದೆ. ಮೇಲಿನ ಹಂತದಲ್ಲಿ ತೀರ್ಪುಗಾರರೂ ಯಂತ್ರದ ನೆರವು ಪಡೆಯುತ್ತಿದ್ದಾರೆ. ಫುಜಿತ್ಸು ಕಂಪನಿಯ ವ್ಯವಸ್ಥೆ 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಳಕೆಗೆ ಬಂದು, 2023ರ ಆಂಟ್‌ವರ್ಪ್‌ನಲ್ಲಿ ಹತ್ತೂ ಸಲಕರಣೆಗಳಿಗೆ ವಿಸ್ತರಿಸಿತು.

ಹೇಮಾವತಿಯ ದಂಡೆಯ ಹಳ್ಳಿಶಾಲೆಗೆ ಇಷ್ಟೆಲ್ಲ ಬೇಕಿಲ್ಲ. ವಾಲ್ಟ್ ಟೇಬಲ್ಲು, ಹತ್ತು ಸೆಂಟಿಮೀಟರ್ ಅಗಲದ ಬೀಮ್ ಇಲ್ಲದಿದ್ದರೂ ನೆಲದ ಅಭ್ಯಾಸ ಸಾಗುತ್ತದೆ: ಫಾರ್ವರ್ಡ್ ರೋಲ್, ಹ್ಯಾಂಡ್‌ಸ್ಟ್ಯಾಂಡ್, ಕಾರ್ಟ್‌ವೀಲ್, ರೌಂಡ್‌ಆಫ್. ನೆಲದ ಮೇಲೆ ಎಳೆದ ಗೆರೆಯೇ ಬೀಮ್ ಆಗುತ್ತದೆ. ದಪ್ಪ ಮ್ಯಾಟ್ ಮಾತ್ರ ಬೇಕೇಬೇಕು. ಉದ್ದ ಜಿಗಿತದ ಮರಳುಗುಂಡಿಯಲ್ಲಿ ಜಿಗಿದು ಇಳಿಯುವುದನ್ನು ಕಲಿಸಬಹುದೇ ಹೊರತು ತಲೆಕೆಳಗಾಗಿ ತಿರುಗುವುದನ್ನಲ್ಲ. ಅಂತರ್ಜಾಲದ ವಿಡಿಯೊ ನೋಡಿ ಕಟ್ಟೆಯ ಮೇಲಿಂದ ಲಾಗ ಹಾಕುವ ಮಕ್ಕಳನ್ನು ತಡೆಯುವುದು ದೈಹಿಕ ಶಿಕ್ಷಕರ ಮೊದಲ ಕೆಲಸ. ಕತ್ತಿಗೆ ಪೆಟ್ಟಾದರೆ ತಿದ್ದಲು ಎರಡನೇ ಯತ್ನ ಇರುವುದಿಲ್ಲ. ಪಕ್ಕದಲ್ಲಿ ಕೈಯಾಸರೆ ಕೊಡಬೇಕಾದ ಶಿಕ್ಷಕರೇ ಫೋನ್ ಹಿಡಿದು ನಿಲ್ಲಬಾರದು.

ಚಿತ್ರಗಳನ್ನು ಕಾಪಾಡುವುದೂ ಈ ಪದ್ಧತಿಯ ಭಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಇದು ಕೇಳಲೇಬೇಕಾದ ಒಪ್ಪಿಗೆ, ಅದರಲ್ಲೂ ಹೆಣ್ಣುಮಕ್ಕಳ ಅಭ್ಯಾಸದ ಚಿತ್ರಗಳ ವಿಷಯದಲ್ಲಿ. ಶಾಲೆಗೆ ಸೇರಿದ ಒಂದೇ ಫೋನಿನಲ್ಲಿ ಚಿತ್ರಿಸಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕದೆ, ಪ್ರತಿ ಮಗುವಿನ ತಿಂಗಳಿಗೊಂದು ತುಣುಕನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಳಿಸುವುದು ಸರಿಯಾದ ಕ್ರಮ. ಹತ್ತನೇ ತರಗತಿ ಮುಗಿಸಿ ಹೋಗುವಾಗ ಆ ತುಣುಕುಗಳನ್ನು ಮಗುವಿನ ಕೈಗೇ ಕೊಟ್ಟು ಶಾಲೆಯ ಫೋನಿನಿಂದ ತೆಗೆದುಹಾಕಬೇಕು.