ಮೂರನೆಯ ಬಂದೂಕು

ತೇಜಸ್ವಿಯವರ ಮೂಲಕ ಕನ್ನಡಕ್ಕೆ ಬಂದ ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ನೆಚ್ಚಿನ ಆಯುಧ .405 ವಿಂಚೆಸ್ಟರ್ ರೈಫಲ್. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಈ 1895ರ ಮಾದರಿಯ ವೈಶಿಷ್ಟ್ಯ ಅದರ ಹೊಟ್ಟೆಯಲ್ಲಿದೆ. ಅದುವರೆಗಿನ ವಿಂಚೆಸ್ಟರ್ ಲಿವರ್ ರೈಫಲ್‌ಗಳಲ್ಲಿ ತೋಟೆಗಳು ನಳಿಗೆಯಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದವು. ಚೂಪು ಗುಂಡಾದರೆ ಅದರ ಮೊನೆ ಮುಂದಿನ ತೋಟೆಯ ತಳಕ್ಕೆ ಬಡಿದು ಸಿಡಿಯುವ ಅಪಾಯ. ಬ್ರೌನಿಂಗ್ ಅವನ್ನು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಪೇರಿಸಿದರು.

ನಮ್ಮ ಕಾನೂನಿಗೆ ಇಂಥ ಚಾತುರ್ಯ ಕಾಣದು. ಅದಕ್ಕೆ ಎಣಿಸುವುದಷ್ಟೇ ಗೊತ್ತು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆಯು ವ್ಯಕ್ತಿಯೊಬ್ಬ ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತಕ್ಕೂ ಅದೇ ಮಿತಿ. ಲೈಸೆನ್ಸಿನ ಕಡತಗಳನ್ನು ಕಂಡ ನನಗೆ ನಿಯಂತ್ರಣದ ಅಗತ್ಯ ಗೊತ್ತಿಲ್ಲದಿಲ್ಲ. ಆದರೆ ಅಜ್ಜನ ಕಾಲದ ಅಪರೂಪದ ರೈಫಲ್ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯಬೇಕೇ? ತೋಟೆಯಿಲ್ಲದ ಸಂಗ್ರಹಕ್ಕೆಂದೇ ಪ್ರತ್ಯೇಕ ಪರವಾನಗಿ ಕೊಟ್ಟು, ವರ್ಷಕ್ಕೊಮ್ಮೆ ತಪಾಸಣೆ ಮಾಡಲಿ.